ಬಣ್ಣ ತುಸು ಗುಲಾಬಿ

ಲ್ಯಾಬ್ ಟೆಕ್ನೀಷಿಯನ್ ಕೋರ್ಸು ಮುಗಿಸಿದ ಹುಡುಗಿಯರು ಈಗಲೂ ಆಗಾಗ ನಮ್ಮ ಮನೆಗೆ ಬರುತ್ತಾರೆ. ಸಂದರ್ಶನದಲ್ಲಿ ಏನು ಕೇಳುತ್ತಾರೆ, ಯಾವ ವಿಭಾಗ ಒಳ್ಳೆಯದು, ಸಾಹೇಬರು ಬಯ್ಯುತ್ತಾರೇನು ಎಂದು ವಿಚಾರಿಸುತ್ತಾರೆ. ಚಹಾ ಕುಡಿಸಿ, ಗೊತ್ತಿದ್ದಷ್ಟು ಹೇಳಿ ಕಳಿಸುತ್ತೇನೆ. ಅವರು ಗೇಟು ದಾಟಿದ ಮೇಲೆ, ಹೇಳಲೇಬೇಕಾಗಿದ್ದ ಮಾತು ಬಾಯಲ್ಲೇ ಉಳಿಯಿತಲ್ಲ ಅನಿಸುತ್ತದೆ. ಎದುರಿಗೆ ಕೂತು ಹೇಳಲು ನನಗೆ ಧೈರ್ಯವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ಸರೋಜಾ. ಭಾಲ್ಕಿ ತಾಲ್ಲೂಕಿನ ಸಾಯಗಾಂವದವಳು. ನಮ್ಮ ಮನೆತನದಲ್ಲಿ ವಿಜ್ಞಾನ ಓದಿದ ಮೊದಲ ಹೆಣ್ಣು ನಾನೇ. ಬೀದರಿನ ಒಂದು ಕಾಲೇಜಿನ ಔಷಧಶಾಸ್ತ್ರ ವಿಭಾಗದಲ್ಲಿ ಕೆಲಸ ಸಿಕ್ಕಾಗ ನಮ್ಮಪ್ಪ ಊರಿನ ಬುದ್ಧ ವಿಹಾರದಲ್ಲಿ ಎಲ್ಲರಿಗೂ ಪೇಢೆ ಹಂಚಿದ್ದರು. ಯಾವಾಗ ಕಾಯಂ ಆದೆ, ಯಾವಾಗ ಬಡ್ತಿ ಬಂತು ಎಂಬುದೆಲ್ಲ ಸರ್ವಿಸ್ ಬುಕ್ಕಿನಲ್ಲಿದೆ. ಇಲ್ಲಿ ಬೇಡ.

ನಾನು ಸೇರಿದಾಗ ಪಿಪೆಟ್ಟಿನ ಗಾಜಿನ ಕೊಳವೆಗೆ ದ್ರಾವಣವನ್ನು ಬಾಯಿಂದಲೇ ಎಳೆಯುತ್ತಿದ್ದೆವು. ಎರಡನೆಯ ವಾರ ಯಾವುದೋ ಕ್ಷಾರ ನನ್ನ ನಾಲಿಗೆಗೆ ತಾಗಿ, ಮೂರು ದಿನ ರೊಟ್ಟಿಯ ರುಚಿ ಗೊತ್ತಾಗಲಿಲ್ಲ. ಆಗ ನಮ್ಮ ಮುಖ್ಯಸ್ಥರಾದ ಡಾಕ್ಟರ್ ಮಾಣಿಕರಾವ್ ಬಯ್ಯಲಿಲ್ಲ. ಒಂದು ದಪ್ಪ ನೋಟ್‌ಬುಕ್ ಕೈಗಿಟ್ಟು, "ಇದರಾಗ ಬರೀರಿ. ಏನು ಮಾಡಿದ್ರಿ, ಏನು ಆಯ್ತು. ಕಣ್ಣಿಗಿ ಕಂಡದ್ದು ಬರೀರಿ, ಮನಸಿಗಿ ಬಂದದ್ದು ಬ್ಯಾಡ" ಅಂದರು. ಆ ದಿನದಿಂದ ಕಣ್ಣಿಗೆ ಕಂಡದ್ದನ್ನೆಲ್ಲ ಬರೆಯುತ್ತ ಹೋದೆ. ಬರೆದದ್ದನ್ನು ಬಾಯಿಬಿಟ್ಟು ಹೇಳುವುದು ಬೇರೆಯೇ ಕೆಲಸ ಎಂದು ಗೊತ್ತಾಗಲು ಬಹಳ ವರ್ಷ ಬೇಕಾಯಿತು.

ಡಾಕ್ಟರು ಭಾಲ್ಕಿಯವರೇ. ಅವರ ತಾಯಿಗೆ ಪಾರ್ಕಿನ್ಸನ್ ಕಾಯಿಲೆ ಇತ್ತು. ನಮ್ಮ ಕಡೆ ಜನ ಅದಕ್ಕೆ ನಡುಗು ರೋಗ ಎನ್ನುತ್ತಾರೆ. ಕೈ ನಡುಗುವುದು ಅದರ ಒಂದು ಮುಖ ಮಾತ್ರ. ಮೈ ಬಿಗಿಯುತ್ತದೆ, ಹೆಜ್ಜೆ ಸಣ್ಣದಾಗುತ್ತದೆ, ಮುಖದ ನಗು ಹೋಗುತ್ತದೆ, ಕೊನೆಗೆ ತುತ್ತು ನುಂಗುವುದೂ ಕಷ್ಟ. ಮೆದುಳಿನ ಆಳದಲ್ಲಿರುವ ಒಂದಿಷ್ಟು ಜೀವಕೋಶಗಳು ಸಾಯುವುದರಿಂದ ಹೀಗಾಗುತ್ತದೆ. ಅವು ಯಾಕೆ ಸಾಯುತ್ತವೆ ಎಂಬುದಕ್ಕೆ ಹೇಳುವ ಕಾರಣಗಳಲ್ಲಿ ಉತ್ಕರ್ಷಣವೂ ಒಂದು. ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ, ಬದನೆಕಾಯಿ ಹೆಚ್ಚಿ ಗಾಳಿಗೆ ಇಟ್ಟರೆ ಕಪ್ಪಾಗುತ್ತದಲ್ಲ, ಅಂಥದ್ದು. ಮೇಲೆ ನಿಂಬೆ ಹಿಂಡಿದರೆ ಕಪ್ಪಾಗುವುದು ತಡೆಯುತ್ತದೆ. ಹಾಗೆ ತಡೆಯುವ ರಾಸಾಯನಿಕಗಳಿಗೆ ಅಪಕರ್ಷಣಕಾರಿ ಎನ್ನುತ್ತಾರೆ. ಕಫ ಕರಗಿಸಲು ಕೊಡುವ ಒಂದು ಗುಳಿಗೆಯಲ್ಲಿ ಅಂಥ ರಾಸಾಯನಿಕವಿದೆ. ಡಬ್ಬಿ ತೆರೆದರೆ ಕೊಳೆತ ಮೊಟ್ಟೆಯ ವಾಸನೆ. ಅದು ಮೆದುಳಿನ ಆ ಕೋಶಗಳನ್ನು ಉಳಿಸಬಹುದೇ ಎಂದು ಇಲಿಗಳ ಮೇಲೆ ನೋಡುವುದು ನಮ್ಮ ಡಾಕ್ಟರ ಸಂಶೋಧನೆ. ಅವರ ಬಿಡುವು, ಊಟ, ಭಾನುವಾರ ಎಲ್ಲವೂ ಅದಕ್ಕೇ ಹೋಗುತ್ತಿತ್ತು.

ಅವು ಬರದ ವರ್ಷಗಳು. ಔರಾದ್ ಬಸ್‌ಸ್ಟ್ಯಾಂಡಿನಲ್ಲಿ ಹೈದರಾಬಾದ್, ಪುಣೆ, ಮುಂಬಯಿ ಕಡೆ ಹೊರಟವರ ಗಂಟುಮೂಟೆಗಳ ನಡುವೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ನಮ್ಮ ಕಾಲೇಜಿನ ಬೋರ್‌ವೆಲ್ ಬತ್ತಿ, ಟ್ಯಾಂಕರ್ ನೀರಿಗೆ ಬಂದಿದ್ದೆವು. ಪ್ರಯೋಗಕ್ಕೆ ಬೇಕಾದ ಶುದ್ಧ ನೀರನ್ನು ನಾವೇ ಕಾಯಿಸಿ, ಆವಿ ತಣಿಸಿ ಇಳಿಸುತ್ತಿದ್ದೆವು. ಒಂದು ಲೀಟರ್ ಇಳಿಸಬೇಕೆಂದರೆ ಕೊಳವೆ ತಣ್ಣಗಿರಿಸಲು ಹತ್ತಾರು ಲೀಟರ್ ಹರಿದು ಹೋಗಬೇಕು. ಒಂದು ದಿನ ಆ ನೀರು ಹಿಂದಿನ ಮೋರಿಗೆ ಬೀಳುವುದನ್ನು ನೋಡಿ, ಟ್ಯಾಂಕರಿಗಾಗಿ ಕೊಡ ಹಿಡಿದು ನಿಂತಿದ್ದ ಒಬ್ಬ ಹೆಂಗಸು ಕಿಟಕಿಯ ಹತ್ತಿರ ಬಂದಳು.

"ಬಾಯೀ, ಆ ನೀರು ಯಾಕ ಚೆಲ್ಲಾಕತ್ತೀರಿ? ಹೊಲಸು ಅದ ಏನ್ರಿ?"

"ಇಲ್ಲವ್ವ, ಛಲೋ ನೀರೇ ಅದ."

"ಮತ್ತ?"

ಮರುದಿನದಿಂದ ಡ್ರಮ್ಮಿನಲ್ಲಿ ಹಿಡಿದಿಟ್ಟು ಅವರಿಗೇ ಕೊಟ್ಟೆವು. ಡಾಕ್ಟರು ಶುದ್ಧ ನೀರಿನ ಬಳಕೆಯನ್ನೂ ಅರ್ಧಕ್ಕೆ ಇಳಿಸಿದರು. ಎಲ್ಲದರಲ್ಲೂ ಹೀಗೆ ಅರ್ಧ ಅರ್ಧ ಮಾಡುತ್ತ ಹೋದೆವು. ಕರೆಂಟು ದಿನದಲ್ಲಿ ನಾಲ್ಕು ತಾಸು ಇದ್ದರೆ ಹೆಚ್ಚು. ಮಂಜುಗಡ್ಡೆ ಬೇಕೆಂದರೆ ಬಾಜಾರದಿಂದ ತರಿಸಬೇಕು. ತರಿಸಿದ್ದು ಬರುವಷ್ಟರಲ್ಲಿ ಅರ್ಧ ನೀರು.

ಇಲಿಗಳಿಗೆ ಕಾಯಿಲೆ ಬರಿಸಲು ಮೆದುಳಿನ ಒಂದು ಬದಿಗೆ ವಿಷವೊಂದನ್ನು ಸೂಕ್ಷ್ಮವಾಗಿ ಚುಚ್ಚಬೇಕಾಗುತ್ತದೆ. ಆ ವಿಷ ಬಲು ನಾಜೂಕಿನದು. ಗಾಳಿ, ಬೆಳಕು, ಸೆಕೆ ತಾಗಿದರೆ ಕೆಟ್ಟು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಅದಕ್ಕೆ ಪೂರ್ತಿ ಬಲವಿರುವುದಿಲ್ಲ. ಕೆಡದಿರಲೆಂದು ಅದರಲ್ಲಿ ಚಿಟಿಕೆ ವಿಟಮಿನ್ ಸಿ ಕರಗಿಸಿ, ಮಂಜುಗಡ್ಡೆಯಲ್ಲಿಡುತ್ತೇವೆ. ವಿಟಮಿನ್ ಸಿ ಕೂಡ ಅಪಕರ್ಷಣಕಾರಿಯೇ. ಮುಂದೆ ಆ ಇಲಿಗೆ ಒಂದು ಸೂಜಿಮದ್ದು ಕೊಟ್ಟು ದುಂಡನೆಯ ಪಾತ್ರೆಯಲ್ಲಿ ಬಿಟ್ಟರೆ, ಗಾಣದೆತ್ತಿನಂತೆ ಒಂದೇ ದಿಕ್ಕಿಗೆ ಸುತ್ತುತ್ತದೆ. ಗಾಯ ಹೆಚ್ಚಿದ್ದಷ್ಟೂ ಸುತ್ತು ಹೆಚ್ಚು. ಈಗ ಕ್ಯಾಮೆರಾ ನೋಡಿ ಕಂಪ್ಯೂಟರೇ ಲೆಕ್ಕ ಕೊಡುತ್ತದೆ. ಆಗ ನಾನು ಪಾತ್ರೆಯ ಮುಂದೆ ಕೂತು, ಒಂದೊಂದು ಸುತ್ತಿಗೂ ಒಂದೊಂದು ಹುಣಸೆ ಬೀಜ ಡಬ್ಬಿಗೆ ಹಾಕುತ್ತಿದ್ದೆ.

ಮೊದಲ ತಂಡದ ಇಲಿಗಳನ್ನು ಎರಡು ಗುಂಪು ಮಾಡಿದ್ದೆವು. ಒಂದು ಗುಂಪಿಗೆ ಕಫದ ಮದ್ದು, ಇನ್ನೊಂದಕ್ಕೆ ಬರೀ ನೀರು. ಎರಡೂ ಗುಂಪಿನ ಇಲಿಗಳನ್ನು ಬೆರೆಸಿ ಒಂದೊಂದಾಗಿ ಚುಚ್ಚಬೇಕಿತ್ತು. ಆ ದಿನ ಕರೆಂಟು ಹೋಗುವ ಮೊದಲು ಮುಗಿಸುವ ಅವಸರ. ಬೆರೆಸದೆ, ನೀರಿನ ಗುಂಪಿಗೆ ಬೆಳಿಗ್ಗೆಯೇ ಚುಚ್ಚಿ ಮುಗಿಸಿದೆವು. ಅಷ್ಟರಲ್ಲಿ ಪ್ರಿನ್ಸಿಪಾಲರು ಡಾಕ್ಟರನ್ನು ಕರೆಸಿಕೊಂಡರು. ಕರೆಂಟು ಹೋಯಿತು, ಮಂಜುಗಡ್ಡೆ ಕರಗಿತು. ಡಾಕ್ಟರು ತಿರುಗಿ ಬಂದು ಮದ್ದಿನ ಗುಂಪಿಗೆ ಕೈ ಹಾಕಿದಾಗ ಮಧ್ಯಾಹ್ನ ಮೂರೂವರೆ. ವಿಷದ ಸೀಸೆಯನ್ನು ಕಿಟಕಿಗೆ ಹಿಡಿದು ನೋಡಿದೆ. ಬಿಳಿ ಸೀರೆ ಕೆಂಪು ಸೀರೆಯ ಜೊತೆ ನೆನೆದಾಗ ಬರುವಷ್ಟು, ಅಷ್ಟೇ ಅಷ್ಟು ಬಣ್ಣ. ನಾನು ಹಾಕಿದ್ದ ವಿಟಮಿನ್ ಸಿ ಹಳೆಯ ಬಾಟಲಿಯದು, ಪುಡಿ ಹಳದಿಗೆ ತಿರುಗಿತ್ತು. ಹೊಸದು ಇನ್ನೂ ಬಂದಿರಲಿಲ್ಲ.

ಹೇಳಲೇ ಎಂದುಕೊಂಡೆ. ಡಾಕ್ಟರು ಬೆವರು ಒರೆಸಿಕೊಳ್ಳುತ್ತ, "ಕೊಡ್ರಿ ಸರೋಜಾ, ಲಗೂ ಕೊಡ್ರಿ, ಇಲಿ ಎಚ್ಚರ ಆಗ್ತಾವ" ಅಂದರು. ಕೊಟ್ಟೆ. ಆಮೇಲೆ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದೆ: ಬಣ್ಣ ತುಸು ಗುಲಾಬಿ.

ಕೆಲವು ವಾರಗಳ ನಂತರ ಸುತ್ತು ಎಣಿಸಿದಾಗ ನೀರು ಕುಡಿದ ಇಲಿಗಳು ಡಬ್ಬಿ ತುಂಬಿಸಿದವು. ಮದ್ದಿನ ಇಲಿಗಳ ಡಬ್ಬಿಯಲ್ಲಿ ಬೀಜ ತಳ ಮುಚ್ಚಲಿಲ್ಲ. ಡಾಕ್ಟರು ಎರಡು ಸಲ ತಾವೇ ಎಣಿಸಿದರು. ಕನ್ನಡಕ ತೆಗೆದು, ಕಿಟಕಿಯ ಹತ್ತಿರ ನಿಂತು ಹೊರಗೆ ನೋಡಿದರು. ಅವರ ಕಣ್ಣು ಒದ್ದೆಯಾಗಿದ್ದವು. ನಾನೂ ಅತ್ತೆ. ಗುಲಾಬಿ ಬಣ್ಣ ನನಗೆ ನೆನಪೇ ಆಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು. ಇಷ್ಟು ದೊಡ್ಡ ಸಂತೋಷದ ಮುಂದೆ ಅದೆಷ್ಟರ ಮಾತು ಅನಿಸಿತು. ಡಾಕ್ಟರು ಒಂದು ಸಮ್ಮೇಳನದಲ್ಲಿ ಆ ಫಲಿತಾಂಶ ಓದಿ ಬಂದರು, ಲೇಖನವನ್ನೂ ಕಳಿಸಿದರು.

ಪ್ರತಿ ಗುರುವಾರ ನಾವು ಔರಾದ್ ಆಸ್ಪತ್ರೆಗೆ ಹೋಗುತ್ತಿದ್ದೆವು. ಡಾಕ್ಟರು ನಡುಗು ರೋಗದವರನ್ನು ನೋಡುತ್ತಿದ್ದರು. ನಾನು ರಕ್ತ ತೆಗೆದು, ಅವರ ಕೈಯಿಂದ ಹೆಸರು ಬರೆಸಿಕೊಳ್ಳುತ್ತಿದ್ದೆ. ಈ ಕಾಯಿಲೆಯಲ್ಲಿ ಅಕ್ಷರ ಬರೆಯುತ್ತ ಬರೆಯುತ್ತ ಸಣ್ಣದಾಗುತ್ತದೆ. ಅಲ್ಲಿಗೆ ಸಂತಪುರದ ಇಸ್ಮಾಯಿಲ್ ಪೇಂಟರ್ ಬರುತ್ತಿದ್ದರು, ಜೊತೆಗೆ ಹೆಂಡತಿ ಜುಬೇದಾ. ಊರ ಹೆಸರಿನ ಫಲಕ, ಕಿರಾಣಿ ಅಂಗಡಿಯ ಬೋರ್ಡು, ಶಾಲೆಯ ಗೋಡೆ ಎಲ್ಲ ಬರೆದ ಕೈ ಅದು. ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಬರುತ್ತಿದ್ದವು. ಮೊದಲ ದಿನ ಕಾಗದ ಕೊಟ್ಟಾಗ 'ಇಸ್ಮಾಯಿಲ್' ಎಂಬುದರ 'ಇ' ಹೆಬ್ಬೆರಳಿನಷ್ಟು ಬಂತು. 'ಲ್' ಸಾಸಿವೆ ಕಾಳಾಗಿತ್ತು.

"ನಲವತ್ತು ವರ್ಷ ಬೋರ್ಡ್ ಬರ್ದೀನ್ರಿ ಬಾಯಿ" ಅಂದರು. "ಇಡೀ ತಾಲೂಕಿಗಿ ಹೆಸರು ಬರ್ದು ಕೊಟ್ಟೀನಿ. ಈಗ ನನ್ನ ಹೆಸರೇ ಕೈಯಾಗ ನಿಲ್ಲವಲ್ದು."

ಡಾಕ್ಟರು ಕೊಟ್ಟ ಗುಳಿಗೆಯಿಂದ ಅವರಿಗೆ ಗುಣವಿತ್ತು. ಸರಿಯಾಗಿ ನಡೆಯುತ್ತಿದ್ದರು, ಊಟ ಮಾಡುತ್ತಿದ್ದರು. ಆದರೆ ಅದನ್ನು ನುಂಗಿದರೆ ಹೊಟ್ಟೆ ತೊಳಸುತ್ತದೆ ಎಂದು ದೂರುತ್ತಿದ್ದರು. ಒಂದು ಗುರುವಾರ ಡಾಕ್ಟರು ಬೇಗ ಹೋಗಿದ್ದರು. ನಾನು ಬಸ್ಸಿಗೆ ಕಾಯುತ್ತಿದ್ದಾಗ ಗಂಡ ಹೆಂಡತಿ ಪಕ್ಕದಲ್ಲಿ ಬಂದು ಕೂತರು.

"ಬಾಯೀ, ಖರೇ ಹೇಳ್ರಿ. ಇದಕ್ಕ ಬ್ಯಾರೇ ಇಲಾಜ್ ಇಲ್ಲೇನ್ರಿ?" ಎಂದು ಜುಬೇದಾ ಕೇಳಿದರು.

ಹೇಳದೆ ಇರಲು ನನ್ನಿಂದ ಆಗಲಿಲ್ಲ. ನನ್ನ ಹೊಟ್ಟೆಯೊಳಗಿನ ಸಂತೋಷ ಹೊರಗೆ ಬರಲು ದಾರಿ ಹುಡುಕುತ್ತಿತ್ತು. "ಇಲಿಗಳಿಗಿ ಒಂದು ಮದ್ದು ಕೊಟ್ಟೀವ್ರಿ. ಭಾಳ ಛಲೋ ಆಗ್ಯಾವ. ಮನುಷ್ಯಾರಿಗಿ ಇನ್ನಾ ಕೊಟ್ಟು ನೋಡಿಲ್ಲ" ಅಂದೆ.

ಇಸ್ಮಾಯಿಲ್ ನನ್ನ ಕಡೆ ತಿರುಗಿದರು. ಆ ಕಾಯಿಲೆಯವರ ಮುಖದಲ್ಲಿ ಭಾವ ಕಾಣುವುದಿಲ್ಲ ಎಂದೆನಲ್ಲ, ಕಣ್ಣಲ್ಲಿ ಕಾಣುತ್ತದೆ. "ಹೆಸರು ಏನ್ರಿ ಅದರದು?"

ಅವರದೇ ಆಸ್ಪತ್ರೆ ಚೀಟಿಯ ಹಿಂದೆ ಬರೆದುಕೊಟ್ಟೆ. ಕಫದ ಗುಳಿಗೆ, ಎಲ್ಲ ಕಡೆ ಸಿಗುತ್ತದೆ, ಡಾಕ್ಟರನ್ನು ಕೇಳಿ ತಗೊಳ್ಳಿ ಅಂದೆ. 'ಹಳೇ ಗುಳಿಗಿ ಬಿಡಬ್ಯಾಡ್ರಿ' ಎಂಬ ಒಂದು ಮಾತು ಮಾತ್ರ ಹೇಳಲಿಲ್ಲ. ಯಾರಾದರೂ ಬಿಡುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ. ಆ ತಿಂಗಳು ಇನ್ನಿಬ್ಬರು ಕೇಳಿದರು, ಅವರಿಗೂ ಬರೆದುಕೊಟ್ಟೆ.

ಅಷ್ಟರಲ್ಲಿ ಎರಡನೆಯ ತಂಡದ ಇಲಿಗಳಿಗೆ ವಿಷ ಚುಚ್ಚಿ ಆಗಿತ್ತು. ಈ ಸಲ ವಿಟಮಿನ್ ಸಿ ಹೊಸ ಬಾಟಲಿಯದು. ದಿನವಿಡೀ ಸೀಸೆಯ ವಿಷ ನೀರಿನಂತೆ ಬಣ್ಣವಿಲ್ಲದೆಯೇ ಇತ್ತು. ಎಣಿಸುವ ದಿನ ಬಂತು. ಮದ್ದಿನ ಇಲಿ ಸುತ್ತತೊಡಗಿತು. ಬೀಜ ಹಾಕುತ್ತ ಹೋದೆ. ಅದು ನಿಲ್ಲಲಿಲ್ಲ. ಎರಡನೆಯದೂ ಹಾಗೆಯೇ. ಐದನೆಯದೂ ಡಬ್ಬಿ ತುಂಬಿಸಿದ ಮೇಲೆ ನಾನು ಎದ್ದೆ. ಕಪಾಟಿನಿಂದ ಹಳೆಯ ನೋಟ್‌ಬುಕ್ ತೆಗೆದು ಆ ಪೆನ್ಸಿಲ್ ಸಾಲನ್ನು ನೋಡಿದೆ. ಮೊದಲ ತಂಡದಲ್ಲಿ ಮದ್ದು ಯಾವ ಇಲಿಯನ್ನೂ ಕಾಪಾಡಿರಲಿಲ್ಲ. ಮದ್ದು ಕುಡಿದ ಇಲಿಗಳಿಗೆ ನಾವು ಕೆಟ್ಟು ಬಲ ಕಳೆದುಕೊಂಡ ವಿಷ ಚುಚ್ಚಿದ್ದೆವು, ಅಷ್ಟೇ.

"ಈ ಸರ್ತಿ ಇಲೀನೇ ಸರಿ ಇಲ್ಲ" ಎಂದು ಡಾಕ್ಟರು ಗೊಣಗಿದರು. ನಾನು ಸುಮ್ಮನಿದ್ದೆ. ಒಂದು ದಿನ ಅಲ್ಲ, ಹನ್ನೊಂದು ದಿನ ಸುಮ್ಮನಿದ್ದೆ. ಕೆಲಸ ಹೋದೀತು ಎಂಬ ಭಯ ಇತ್ತು. ಅದಕ್ಕಿಂತ ಹೆಚ್ಚಾಗಿ, ಅವರು ಕಿಟಕಿಯ ಹತ್ತಿರ ನಿಂತಿದ್ದ ಆ ದಿನವನ್ನು ಅವರಿಂದ ಕಿತ್ತುಕೊಳ್ಳುವುದು ನನ್ನಿಂದಾಗಲಿಲ್ಲ.

ಆ ಹನ್ನೊಂದು ದಿನಗಳ ನಡುವೆ ಒಂದು ಗುರುವಾರ ಬಂತು. ಔರಾದ್ ಆಸ್ಪತ್ರೆಯ ವರಾಂಡದಲ್ಲಿ ಇಸ್ಮಾಯಿಲ್ ಮತ್ತು ಜುಬೇದಾ ಗಂಟು ಕಟ್ಟಿಕೊಂಡು ನಿಂತಿದ್ದರು.

"ಹೈದರಾಬಾದಿಗಿ ಹೊಂಟೀವ್ರಿ ಬಾಯಿ, ಮಗಳ ಮನಿಗಿ. ಇಲ್ಲಿ ಅಂಗಡಿನೇ ಮುಚ್ಯಾವ, ಬೋರ್ಡ್ ಯಾರು ಬರೆಸ್ತಾರ?" ಅಂದರು ಇಸ್ಮಾಯಿಲ್. ಅಂಗಿಯ ಜೇಬು ತಟ್ಟಿ, ತಗ್ಗಿದ ದನಿಯಲ್ಲಿ, "ನೀವು ಬರ್ದು ಕೊಟ್ಟಿದ್ದು ಇಟ್ಕೊಂಡೀನಿ. ಅಲ್ಲಿ ಹೋಗಿ ಸುರು ಮಾಡ್ತೇನಿ. ಕೈ ಸುಧಾರಿಸ್ತಂದ್ರ ನಿಮ್ಮ ಲ್ಯಾಬಿಂದು ಬೋರ್ಡ್ ನಾನೇ ಬರೀತೇನಿ, ನೋಡ್ರಿ" ಅಂದರು.

ಬಾಗಿಲಿನ ಆಚೆ ಡಾಕ್ಟರು ಇದ್ದರು. ಅವರಿಗೆ ಕೇಳಿಸಬಹುದಿತ್ತು. ಆ ಮದ್ದು ಕೆಲಸ ಮಾಡಲ್ಲರಿ, ಹಳೇ ಗುಳಿಗಿ ಬಿಡಬ್ಯಾಡ್ರಿ ಎಂಬ ಎರಡು ವಾಕ್ಯಕ್ಕೆ ಎಷ್ಟು ಉಸಿರು ಬೇಕು? ನಾನು "ಹುಷಾರಾಗಿ ಹೋಗಿ ಬರ್ರಿ" ಅಂದೆ. ಅವರು ಸಣ್ಣ ಸಣ್ಣ ಹೆಜ್ಜೆಯಿಡುತ್ತ ಬಸ್‌ಸ್ಟ್ಯಾಂಡಿನ ಕಡೆ ಹೋದರು.

ಹನ್ನೆರಡನೆಯ ದಿನ ಡಾಕ್ಟರ ಮೇಜಿನ ಮೇಲೆ ನೋಟ್‌ಬುಕ್ ತೆರೆದಿಟ್ಟು, ಎಲ್ಲ ಹೇಳಿದೆ. ಚೀಟಿ ಬರೆದುಕೊಟ್ಟದ್ದನ್ನೂ ಹೇಳಿದೆ. ಅವರು ಆ ಪೆನ್ಸಿಲ್ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದರು.

"ನೀವು ಬರ್ದಿದ್ರಿ. ನಾ ಓದಲಿಲ್ಲ" ಅಂದರು ಕೊನೆಗೆ. "ಬೆಳಿಗ್ಗೆ ಒಂದು ಗುಂಪು, ಮಧ್ಯಾಹ್ನ ಒಂದು ಗುಂಪು ಮಾಡಿದಾಂವ ನಾನು. ತಪ್ಪು ನಿಮ್ಮದೊಬ್ಬರದೇ ಅಲ್ಲ." ನೋಟ್‌ಬುಕ್ ಮುಚ್ಚಿ, "ಅವ್ವಗ ನಾನೂ ಅದೇ ಗುಳಿಗಿ ಕೊಡಾಕತ್ತೀನಿ ಸರೋಜಾ. ದಿನಾ ಅಕಿ ಕೈ ನೋಡ್ತೇನಿ, ಇವತ್ತು ನಡುಗೋದು ಕಮ್ಮಿ ಆಗ್ಯಾದ ಏನಂತ. ಆದ್ರ ಅಕಿ ಹಳೇ ಗುಳಿಗಿ ನಿಲ್ಲಿಸಿಲ್ಲ" ಅಂದರು. ಆಮೇಲೆ ಗಾಬರಿಯಿಂದ ತಲೆಯೆತ್ತಿ, "ಇಸ್ಮಾಯಿಲ್‌ಗಿ ಅದು ಹೇಳೀರಿ ಹೌದಲ್ಲ?" ಎಂದು ಕೇಳಿದರು.

ನಾನು ತಲೆ ತಗ್ಗಿಸಿದೆ.

ಸಂತಪುರದ ಎಸ್‌ಟಿಡಿ ಬೂತಿಗೆ ಫೋನ್ ಹಚ್ಚಿಸಿದೆವು. ಮಗಳ ಮನೆ ಹೈದರಾಬಾದಿನಲ್ಲಿ ಎಲ್ಲಿ ಎಂಬುದು ಬೂತಿನವನಿಗೂ ಗೊತ್ತಿರಲಿಲ್ಲ, ನೆರೆಯವರಿಗೂ ಗೊತ್ತಿರಲಿಲ್ಲ. ಯಾವುದೋ ಕಟ್ಟಡದ ಕೆಲಸ, ಅಲ್ಲೇ ತಗಡಿನ ಶೆಡ್ಡು ಎಂದಷ್ಟೇ ಹೇಳಿದರು. ಡಾಕ್ಟರು ಲೇಖನ ವಾಪಸ್ ಪಡೆಯುವ ಪತ್ರ ಬರೆದರು. ಟೈಪ್ ಮಾಡಿದ್ದು ನಾನೇ. ಅದೇ ಪ್ರಯೋಗವನ್ನು ಮೂರನೆಯ ಸಲ, ಗುಂಪುಗಳನ್ನು ಬೆರೆಸಿ, ನೇಮದಿಂದ ಮಾಡಿದೆವು. ಸೆಕೆಗೆ ಎಷ್ಟೋ ಇಲಿ ಸತ್ತವು. ಉಳಿದವು ಎರಡೂ ಗುಂಪಿನಲ್ಲಿ ಒಂದೇ ಸಮ ಸುತ್ತಿದವು. ಬೇರೆ ಕಡೆ ಬೇರೆಯವರು ಅದೇ ಮದ್ದಿನ ಮೇಲೆ ಏನು ಕಂಡುಕೊಂಡರೋ ಅದು ಅವರ ಮಾತು. ನಮ್ಮ ಕೈಯಲ್ಲಿ ಅದು ಏನನ್ನೂ ಉಳಿಸಲಿಲ್ಲ.

ಮಳೆಗಾಲದ ಹೆಸರಿನ ಎರಡು ತಿಂಗಳು ಮಳೆಯಿಲ್ಲದೆ ಕಳೆದ ಮೇಲೆ, ಜುಬೇದಾ ಒಬ್ಬರೇ ಸಂತಪುರಕ್ಕೆ ತಿರುಗಿ ಬಂದಿದ್ದಾರೆ ಎಂದು ಆಸ್ಪತ್ರೆಯ ಆಯಾ ಹೇಳಿದಳು. ಮರುದಿನವೇ ಹೋದೆ. ಅವರು ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಚಾಪೆ ಹಾಸಿ ಕೂಡಿಸಿದರು.

"ಗುಳಿಗಿ ತಂದ ದಿನಾನೇ ಹಳೇವು ಬಿಟ್ಟರ್ರಿ. ವಾಂತಿ ತಪ್ಪಿತು ಅಂತ ಖುಷಿ ಆಗಿದ್ದರು" ಎಂದು ಹೇಳತೊಡಗಿದರು. "ಎರಡು ಮೂರು ದಿನಕ್ಕ ಮೈ ಕಟ್ಟಿಗಿ ಹಂಗ ಆಯ್ತು. ನೀರು ಕುಡಿಸಿದ್ರ ಗಂಟಲದಾಗ ಇಳಿಯವಲ್ದು. ಜ್ವರ ಬಂತು. ದವಾಖಾನಿಗಿ ಒಯ್ದ್ವಿ. ಅಲ್ಲಿ ಡಾಕ್ಟರ್ ಕೇಳಿದ್ರು, ಮೊದಲಿನ ಗುಳಿಗಿ ಯಾಕ ಬಿಟ್ಟರಿ, ಯಾರು ಬಿಡಂತ ಹೇಳ್ಯಾರ ಅಂತ. ನನಗೇನು ಗೊತ್ತು ಬಾಯಿ? ದವಾಖಾನಿಗಿ ಒಯ್ದ ನಾಲ್ಕನೇ ದಿನ ಹೋಗಿಬಿಟ್ಟರು."

ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಬಣ್ಣ ಬದಲಾದದ್ದು, ಎರಡನೆಯ ಎಣಿಕೆ, ಆ ಗುರುವಾರ ವರಾಂಡದಲ್ಲಿ ಗೊತ್ತಿದ್ದೂ ಬಾಯಿ ಬಿಡದೆ ನಿಂತದ್ದು. ಜುಬೇದಾ ಮೊರ ಕೆಳಗಿಟ್ಟು ಕೇಳಿದರು. ಅಳಲಿಲ್ಲ, ಬಯ್ಯಲಿಲ್ಲ. ನನ್ನನ್ನು ಕ್ಷಮಿಸಲೂ ಇಲ್ಲ. ಒಂದೇ ಮಾತು ಕೇಳಿದರು.

"ಮತ್ತ ಯಾರ್ಯಾರಿಗಿ ಬರ್ದು ಕೊಟ್ಟೀರಿ?"

"ಇನ್ನಿಬ್ಬರಿಗಿ."

"ಹಂಗಾದ್ರ ಇಲ್ಲಿ ಯಾಕ ಕುಂತೀರಿ?"

ಎದ್ದೆ. ಆ ಇಬ್ಬರಿಗೆ ಡಾಕ್ಟರು, ಹಳೆಯ ಗುಳಿಗೆ ಬಿಡಬೇಡಿ ಎಂದು ಹಿಂದೆಯೇ ಅಂಚೆ ಕಾರ್ಡು ಬರೆದಿದ್ದರು. ಇಬ್ಬರಿಂದಲೂ ಉತ್ತರ ಬಂದಿರಲಿಲ್ಲ. ಕಾರ್ಡು ಹಾಕಿಯಾಯಿತೆಂದು ನಾನೂ ಸಮಾಧಾನ ಮಾಡಿಕೊಂಡು ಕೂತಿದ್ದೆ. ಒಬ್ಬರು ಭಾಲ್ಕಿಯ ಹಳೆಯ ಪೈಲ್ವಾನ್. ಅವರು ಮನೆಯ ಕಟ್ಟೆಯ ಮೇಲೆಯೇ ಸಿಕ್ಕರು. "ಆ ಚೀಟಿ ಎಲ್ಲಿ ಬಿತ್ತೋ ಯಾವನಿಗಿ ಗೊತ್ತು ತಂಗಿ, ನಾ ಡಾಕ್ಟರ್ ಕೊಟ್ಟಿದ್ದೇ ನುಂಗ್ತೇನಿ" ಎಂದು ನಕ್ಕರು. ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಯಾಕೆಂದು ಅವರಿಗೆ ತಿಳಿಯಲಿಲ್ಲ.

ಇನ್ನೊಬ್ಬರು ಚಿಂತಾಕಿಯ ತುಳಸಾಬಾಯಿ. ಐವತ್ತು ದಾಟಿದ ಹೆಂಗಸು, ಬಲಗೈ ಮಡಿಲಲ್ಲಿಟ್ಟು ಎಡಗೈಯಿಂದ ಒತ್ತಿ ಹಿಡಿದುಕೊಂಡು ಕೂರುತ್ತಿದ್ದಳು. ಬಸ್ಸಿಳಿದು ಮನೆ ಕೇಳಿಕೊಂಡು ಹೋದೆ. ಬಾಗಿಲಿಗೆ ಬೀಗ, ದನ ನುಗ್ಗದಂತೆ ಅಡ್ಡಲಾಗಿ ಜಾಲಿ ಮುಳ್ಳು. ಡಾಕ್ಟರ ಕಾರ್ಡು ಬಾಗಿಲ ಸಂದಿಯಲ್ಲೇ ಇತ್ತು, ಬಿಸಿಲಿಗೆ ಅಕ್ಷರ ಮಾಸಿದ್ದವು. ಪಕ್ಕದ ಮನೆಯಾಕೆ ಹೊರಗೆ ಬಂದಳು.

"ಹೋಗ್ಯಾರ್ರಿ ಮಂದೆಲ್ಲಾ. ಪುಣಾ ಕಡಿ. ಕೂಲಿ ಮಂದೀನ ಒಯ್ಯೋ ಮುಕಾದಮ ಟೆಂಪೋ ತಂದಿದ್ದ."

"ತುಳಸಾಬಾಯಿನೂ ಹೋಗ್ಯಾಳೇನು? ಅಕಿಗಿ ಆರಾಮ ಇರಲಿಲ್ಲಲ್ಲ?"

"ಇಲ್ಲಿ ಅಕಿಗಿ ಕೂಳು ಹಾಕೋರು ಯಾರ್ರಿ? ಇಬ್ಬರು ಎತ್ತಿ ಕೂಡಿಸಿದ್ರು."

"ಪುಣಾದಾಗ ಎಲ್ಲಿ?"

"ಅದು ಹ್ಯಾಂಗ ಗೊತ್ತಾಗಬೇಕ್ರಿ? ಕೆಲಸ ಇದ್ದಲ್ಲಿ ಇರ್ತಾರ."

"ಗುಳಿಗಿ ಒಯ್ದಾಳೇನು?"

ಆಕೆ ಯೋಚಿಸಿದಳು. "ಕೈಯಾಗ ಒಂದು ಡಬ್ಬಿ ಇತ್ರಿ. ಯಾವ ಗುಳಿಗಿಯೋ ನನಗ ಓದಾಕ ಬರಲ್ಲ."

ದೊಡ್ಡ ಅಕ್ಷರದಲ್ಲಿ ಇನ್ನೊಂದು ಕಾಗದ ಬರೆದು ಆಕೆಯ ಕೈಗೆ ಕೊಟ್ಟೆ. ಏನು ಬರೆದಿದ್ದೇನೆಂದು ಬಾಯಿಪಾಠವಾಗುವ ತನಕ ಹೇಳಿಸಿದೆ. ದೀಪಾವಳಿಗೆ ಮತ್ತೆ ಹೋದೆ, ಯುಗಾದಿಗೆ ಹೋದೆ. ಊರಿನ ಎಷ್ಟೋ ಜನ ತಿರುಗಿ ಬಂದಿದ್ದರು, ಆ ಮನೆಯವರು ಬಂದಿರಲಿಲ್ಲ. ಮುಂದಿನ ವರ್ಷ ಒಳ್ಳೆಯ ಮಳೆಯಾಯಿತು. ಆಗಲೂ ಹೋದೆ. ಮುಳ್ಳು ಹಾಗೆಯೇ ಇತ್ತು, ಒಂದು ಬದಿಯ ಗೋಡೆ ಕುಸಿದಿತ್ತು. ಪಕ್ಕದ ಮನೆಯಾಕೆ ನನ್ನನ್ನು ದೂರದಿಂದಲೇ ಗುರುತಿಸಿ, ಕೇಳುವ ಮೊದಲೇ ಇಲ್ಲವೆಂದು ಕೈಯಾಡಿಸಿದಳು.